ಬಿಸಿನೆಸ್ ಪ್ಲಾನಿಗೆ ಕುಂಕುಮ

ಮೊನ್ನೆ ಬೆಳಿಗ್ಗೆ ಬೆಲ್ ಸದ್ದಾಗಿ ಬಾಗಿಲು ತೆರೆದರೆ ಮಹಾದೇವಿ ನಿಂತಿದ್ದಳು. ತಲೆಯ ಮೇಲೆ ಹೆಲ್ಮೆಟ್ಟು, ಕೈಯಲ್ಲಿ ಒದ್ದೆ ಗೋಣಿತಾಟಿನ ಗಂಟು. ಗಂಟನ್ನು ನನ್ನ ಕೈಗಿಟ್ಟು, “ಅಕ್ಕೋರ, ಊರಿಂದ ಮಣ್ಣು ಬಂದದ್ರಿ. ನಾಳಿ ಅಮಾಸಿ. ಲಗೂನ ಬರ್ರಿ, ಈ ಸಲ ಶಾಂತಕ್ಕ ಪ್ಲಾನಿನ್ಯಾಗ ದೊಡ್ಡದೇನೋ ತಿದ್ದಾಕಿ ಅದಾಳ” ಎಂದಳು. ಏನು ತಿದ್ದುತ್ತಾಳೆ ಎಂದು ಕೇಳುವಷ್ಟರಲ್ಲಿ ಸ್ಕೂಟರು ಸಿ.ವಿ. ರಾಮನ್ ನಗರದ ನಮ್ಮ ಬೀದಿಯ ತಿರುವು ದಾಟಿತ್ತು.

ಗಂಟು ಬಿಚ್ಚಿದೆ. ಕಪ್ಪು ಮಣ್ಣು. ನೀವು ನನ್ನ ಹಾಗೆ ಹಲಸೂರಿನಲ್ಲಿ ಹುಟ್ಟಿ ಬೆಳೆದವರಾದರೆ ಮಣ್ಣೆಂದರೆ ಕೆಂಪು ಎಂದೇ ತಿಳಿದಿರುತ್ತೀರಿ. ನಾನೂ ಹಾಗೇ ತಿಳಿದಿದ್ದೆ. ಕಲಬುರಗಿ ಕಡೆಯ ಎರೆಮಣ್ಣಿನ ವಾಸನೆಯೇ ಬೇರೆ. ಸ್ವಲ್ಪ ನೀರು ಚಿಮುಕಿಸಿದರೆ ಸಾಕು, ಮನೆಯೆಲ್ಲ ತುಂಬಿಕೊಳ್ಳುತ್ತದೆ. ಆ ಸೀಮೆಯವರು ಮಣ್ಣೆತ್ತಿನ ಅಮಾವಾಸ್ಯೆಗೆ ಈ ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸುತ್ತಾರೆ. ನಾನೂ ವರ್ಷಾ ವರ್ಷಾ ಮಾಡುತ್ತೇನೆ. ನಮ್ಮ ಮನೆಯವರು ಕನ್ನಡಕ ಏರಿಸಿಕೊಂಡು ಅವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಯಾವ ಜಾತಿ ನಾಯಿ?” ಎಂದು ವರ್ಷಾ ವರ್ಷಾ ಕೇಳುತ್ತಾರೆ. ಕೊಂಬು ಇಟ್ಟರೂ ಕೇಳುತ್ತಾರೆ.

ಮಣ್ಣಿನ ಎತ್ತಿಗೂ ಬಿಸಿನೆಸ್ ಪ್ಲಾನಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ, ಹೇಳುತ್ತೇನೆ. ಮೇಷ್ಟರ ಕೆಲಸ ಮಾಡಿದವರಿಗೆ ನೇರವಾಗಿ ವಿಷಯಕ್ಕೆ ಬರುವ ಅಭ್ಯಾಸ ಇರುವುದಿಲ್ಲ.

ನಾನು ಶಿವಾಜಿನಗರದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ವ್ಯವಹಾರ ಅಧ್ಯಯನ ಹೇಳಿಕೊಡುತ್ತಿದ್ದೆ. ಕಾಲು ಭಾಗ ಕನ್ನಡ, ಕಾಲು ಭಾಗ ತಮಿಳು, ಕಾಲು ಭಾಗ ಉರ್ದು, ಉಳಿದದ್ದು ಇಂಗ್ಲಿಷು. ನಮ್ಮ ತರಗತಿಯ ಭಾಷೆ ಅದು. ಬಿಸಿನೆಸ್ ಪ್ಲಾನ್ ಎಂಬ ಪಾಠ ಬಂದಾಗಲೆಲ್ಲ ನನಗೆ ಎಲ್ಲಿಲ್ಲದ ಹುರುಪು. ಬೋರ್ಡಿನ ಮೇಲೆ ಗುರಿ, ಮಾರುಕಟ್ಟೆ, ಗಿರಾಕಿ, ಸ್ಪರ್ಧಿ ಎಂದು ಬರೆದು, ಕೊನೆಗೆ “ಯೋಜನೆಯನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು” ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಪರೀಕ್ಷೆಗೆ ಬರುತ್ತಿದ್ದ ಸಾಲು ಅದು. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿ, “ಮಿಸ್, ನೀವ್ ಯಾವ ಬಿಸಿನೆಸ್ ಮಾಡಿದ್ರಿ ಮಿಸ್?” ಎಂದು ಕೇಳಿದಳು. ಹಪ್ಪಳ ಕೂಡ ಮಾರಿದವಳಲ್ಲ ನಾನು. ಆ ಹೊತ್ತಿಗೆ ಗಂಟೆ ಹೊಡೆದದ್ದು ಯಾವ ಜನ್ಮದ ಪುಣ್ಯವೋ.

ಮಹಾದೇವಿ ಶಾಂತಕ್ಕ ಎಂದು ಕರೆಯುವ ಶಾಂತವ್ವ ನನಗೆ ಸಿಕ್ಕಿದ್ದು ಆ ಕಾಲದಲ್ಲಿ. ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ದೊಡ್ಡದೊಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಅಲ್ಲಿ ಬಾಂಡ್ಲಿಯಲ್ಲಿ ಕಾಂಕ್ರೀಟು ಹೊರುತ್ತಿದ್ದ ಹೆಂಗಸರಲ್ಲಿ ಅವಳೂ ಒಬ್ಬಳು. ಕೆಲಸ ಬಿಟ್ಟ ಮೇಲೆ ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪಟ ಪಟ ಸದ್ದು, ಆಮೇಲೆ ಸುಟ್ಟ ಜೋಳದ ಘಮ. ಅನ್ನ ಸಾರು ಮುಂದಿಟ್ಟುಕೊಂಡು ಕುಳಿತ ನನಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಒಂದು ದಿನ ನಾಚಿಕೆ ಬಿಟ್ಟು ತಟ್ಟೆ ಹಿಡಿದುಕೊಂಡೇ ಹೋದೆ. ನನ್ನ ಹೆಗಲ ಚೀಲ, ಮೂಗಿನ ತುದಿಯ ಕನ್ನಡಕ ನೋಡಿ ಅವಳು, “ಬರ್ರಿ ಅಕ್ಕೋರ, ಕೂಡ್ರಿ” ಎಂದಳು. ಅವರ ಕಡೆ ಹೆಣ್ಣು ಮೇಷ್ಟರನ್ನು ಕರೆಯುವುದು ಹಾಗೆ. ಅವತ್ತಿನಿಂದ ನಾನು ಅವಳಿಗೂ, ಅವಳ ಜೊತೆ ಬಾಂಡ್ಲಿ ಹೊರುತ್ತಿದ್ದ ಮಹಾದೇವಿಗೂ ಅಕ್ಕೋರು.

ಶಾಂತವ್ವನಿಗೆ ಒಂದೇ ಆಸೆ. ಬಾಂಡ್ಲಿ ಇಳಿಸಬೇಕು. ಕಟ್ಟಡ ಕಟ್ಟುವವರೆಲ್ಲ ಅವರ ಕಡೆಯವರೇ, ಎಲ್ಲರಿಗೂ ಬೇಕಾದದ್ದು ಬಿಸಿ ರೊಟ್ಟಿ. ಒಂದು ಕೋಣೆ ಹಿಡಿದು ರೊಟ್ಟಿ ಮಾಡಿ ಕೊಟ್ಟರೆ ಹೊಟ್ಟೆ ನಡೆಯುವುದಿಲ್ಲವೇ? ಮಹಾದೇವಿಗೆ ಅವಳು ಮಾತು ಕೊಟ್ಟದ್ದೂ ನನ್ನೆದುರಿಗೇ: “ಇನ್ನ ಜನ್ಮದಾಗ ನೀ ತಲಿ ಮ್ಯಾಲ ಬಾಂಡ್ಲಿ ಇಡಬಾರದು ನೋಡು. ನಾ ಇಡಗೊಡಂಗಿಲ್ಲ.” ಸಾಲ ಕೇಳಲು ಹೋದರೆ ಬ್ಯಾಂಕಿನವರು ಬಿಸಿನೆಸ್ ಪ್ಲಾನ್ ತನ್ನಿ ಎಂದರಂತೆ. ಅವಳು ಅದನ್ನು ನನಗೆ ಹೇಳಿದಾಗ ನನಗಾದ ಸಂತೋಷ ನೀವು ನೋಡಬೇಕಿತ್ತು. ಇಷ್ಟು ವರ್ಷ ಬೋರ್ಡಿನ ಮೇಲೆ ಈಜಿದವಳಿಗೆ ಕೊನೆಗೂ ನೀರು ಸಿಕ್ಕಿತ್ತು.

ಭಾನುವಾರ ಪೂರ್ತಿ ಕೂತು ಬರೆದೆ. ಎಂಥ ಕನ್ನಡ ಅಂತೀರಿ! “ಗಿರಾಕಿಗಳು: ಕಟ್ಟಡ ಕಾರ್ಮಿಕ ಬಾಂಧವರು. ತಯಾರಿಕೆ: ಪ್ರತಿದಿನ ಮಧ್ಯಾಹ್ನದೊಳಗೆ ಎರಡು ಬುಟ್ಟಿ ಬಿಸಿ ರೊಟ್ಟಿ. ಸ್ಪರ್ಧಿಗಳು: ಇಲ್ಲ.” ಆ ಕೊನೆಯ ಮಾತನ್ನು ಬರೆದಾಗ ನನಗೇ ರೋಮಾಂಚನವಾಯಿತು. ಸಾಲ ಮಂಜೂರಾಯಿತು. ಖುಷಿಯಲ್ಲಿ ನಾನು ಆ ಹಾಳೆಯನ್ನು ಶಿವಾಜಿನಗರದ ಒಂದು ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದೆ. ಅಂಗಡಿಯ ಭಾಯ್ ಬಿಸಿ ಹಾಳೆಯನ್ನು ಬೀಸಿ ಆರಿಸುತ್ತ, “ಪಾನೀ ಮೇ ಡಾಲೋ ಮೇಡಂ, ನೀರಲ್ಲಿ ಹಾಕಿದ್ರೂ ಏನೂ ಆಗಲ್ಲ. ನಿಮ್ ಮೊಮ್ಮಕ್ಕಳ ಕಾಲಕ್ಕೂ ಹಿಂಗೇ ಇರ್ತದೆ” ಎಂದು ಭರವಸೆ ಕೊಟ್ಟ. ಯೋಜನೆ ಮೊಮ್ಮಕ್ಕಳ ಕಾಲದವರೆಗೂ ಹಾಗೇ ಇದ್ದರೆ ಗತಿಯೇನು ಎಂದು ನಾನಾದರೂ ಯೋಚಿಸಬೇಕಿತ್ತು. ನಾನು ಅವನಿಗೆ ಥ್ಯಾಂಕ್ಸ್ ಹೇಳಿ ಬಂದೆ.

ಶಾಂತವ್ವ ಹಾಳೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಕೋಣೆಯಲ್ಲಿ ಒಲೆ ಹಚ್ಚಿದ ದಿನ ಅದು ದೇವರ ಗೂಡಿನಲ್ಲಿ, ಅವರ ಮನೆದೇವರ ಪಟದ ಪಕ್ಕದಲ್ಲಿ ನಿಂತಿತ್ತು. ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು. “ಸ್ಪರ್ಧಿಗಳು” ಎಂಬ ಪದದ ಮೇಲೆ ಸರಿಯಾಗಿ ಕುಂಕುಮ ಬಿದ್ದು, ‘ಇಲ್ಲ’ ಎಂಬುದು ಮಾತ್ರ ಕಾಣುತ್ತಿತ್ತು. ನನಗೆ ನಗು ಬಂದರೂ ಒಳಗೊಳಗೇ ಹೆಮ್ಮೆ. ಪಠ್ಯಪುಸ್ತಕದ ಯಾವ ಪಾಠಕ್ಕೂ ಇಂಥ ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಮೊದಲಿನ ದಿನಗಳು ಬಲು ಸೊಗಸಾಗಿ ನಡೆದವು. ಮಹಾದೇವಿ ಹಿಟ್ಟು ನಾದುವುದು, ಶಾಂತವ್ವ ಬಡಿಯುವುದು, ಮಹಾದೇವಿ ಸುಡುವುದು. ಮಧ್ಯಾಹ್ನದೊಳಗೆ ಎರಡು ಬುಟ್ಟಿ ಖಾಲಿ. ಪುಂಡಿಪಲ್ಯ ಮಾಡಿದ ದಿನವಂತೂ ಮೇಸ್ತ್ರಿಗಳು ಜಗಳ ಆಡುತ್ತಿದ್ದರು. ನಾನು ಕಾಲೇಜಿನಿಂದ ಬರುವಾಗ ಅಲ್ಲಿ ಇಳಿದು, ಉಳಿದಿದ್ದರೆ ಒಂದು ರೊಟ್ಟಿ ತಿಂದು, ಉಳಿದಿರದಿದ್ದರೆ ಬಯ್ದು ಮನೆಗೆ ಬರುತ್ತಿದ್ದೆ.

ಆಮೇಲೆ ಕಟ್ಟಡ ಮುಗಿಯಿತು. ಕಟ್ಟಡಗಳು ಮುಗಿಯುತ್ತವೆ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಗಾರೆಯವರು, ಕಂಬಿ ಕಟ್ಟುವವರು, ಬಣ್ಣದವರು ಎಲ್ಲರೂ ಗಂಟುಮೂಟೆ ಕಟ್ಟಿ ಕೆ.ಆರ್. ಪುರಂ ಆಚೆಗೆ ಎಲ್ಲೋ ಇನ್ನೊಂದು ಕೆಲಸಕ್ಕೆ ಹೋದರು. ಶಾಂತವ್ವ ಮಾತ್ರ ದಿನವೂ ಎರಡು ಬುಟ್ಟಿ ರೊಟ್ಟಿ ಬಡಿಯುತ್ತಲೇ ಇದ್ದಳು. ಬೀದಿಯವರು ಕೊಂಡದ್ದು ಹೋಗಿ ಒಂದು ಬುಟ್ಟಿ ಹಾಗೇ ಉಳಿದು ಒಣಗುತ್ತಿತ್ತು. ಬೀದಿಯ ಹಸುಗಳು ಕೋಣೆಯ ಮುಂದೆ ಸಾಲಾಗಿ ಬಂದು ನಿಲ್ಲುವುದನ್ನು ಕಲಿತವು.

“ಶಾಂತವ್ವ, ಹೀಗಾದ್ರೆ ಹೇಗೆ? ಕಮ್ಮಿ ಮಾಡಿ. ಇಲ್ಲಾಂದ್ರೆ ಬೇರೆ ಗಿರಾಕಿ ಹುಡುಕೋಣ” ಎಂದೆ.

“ಎರಡು ಬುಟ್ಟಿ ಅಂತ ಬರದದಲ್ರಿ ಅಕ್ಕೋರ.”

“ಬರ್ದಿದ್ದು ನಾನೇ ಅಲ್ವಾ? ನಾನೇ ಹೇಳ್ತಿದೀನಿ, ತಿದ್ದೋಣ.”

ಅವಳು ದೇವರ ಗೂಡಿನ ಕಡೆ ನೋಡಿ ಕೆನ್ನೆ ಬಡಿದುಕೊಂಡಳು. “ಅಮಾಸಿಗೊಮ್ಮೆ ಪೂಜಿ ಮಾಡೀನ್ರಿ, ಎಡಿ ಹಿಡದೀನ್ರಿ. ಅದು ಬಂದ ಮ್ಯಾಲೇ ನನ್ನ ತಲಿ ಮ್ಯಾಲಿನ ಬಾಂಡ್ಲಿ ಇಳಿದದ. ಪೂಜಿ ಮಾಡಿದ್ದನ್ನ ಯಾರರ ತಿದ್ದತಾರೇನ್ರಿ?”

ಎಡೆ ಹಿಡಿದದ್ದು ಎಂದರೆ, ಹೋಳಿಗೆ ಮಾಡಿದ ದಿನ ಬಿಸಿನೆಸ್ ಪ್ಲಾನಿಗೂ ಒಂದು ಹೋಳಿಗೆ ನೈವೇದ್ಯ. ಗಾಜಿನ ಹಾಗೆ ಹೊಳೆಯುವ ಆ ಹಾಳೆಯ ಮೇಲೆ ತಿದ್ದೋಣವೆಂದರೆ ಪೆನ್ನು ಜಾರುತ್ತಿತ್ತು. ಬೇರೆ ಹಾಳೆ ಬರೆದು ತಂದರೆ, “ದೇವ್ರು ಇರೂತನಕ ಇನ್ನೊಂದು ದೇವ್ರು ಯಾಕ್ರಿ” ಎನ್ನುತ್ತಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನೂ ಬಿಡಲಿಲ್ಲ. ನಮ್ಮ ವಾದ ಕೇಳಿ ಕೇಳಿ ಮಹಾದೇವಿ ಹಿಟ್ಟಿಗೆ ಉಪ್ಪು ಎರಡು ಸಲ ಹಾಕುತ್ತಿದ್ದಳು.

ಆದರೆ ಒಂದು ಸಂಜೆ ನಾನು ಹೋದಾಗ ಮಹಾದೇವಿ ಬಾಗಿಲ ಬಳಿ ಕೂತು ಹಳೆಯ ಸೀರೆ ಸುತ್ತಿ ಸಿಂಬಿ ಮಾಡುತ್ತಿದ್ದಳು. ತಲೆಯ ಮೇಲೆ ಬಾಂಡ್ಲಿ ಕೂರಿಸುವ ಸಿಂಬಿ. ಹೊಸ ಕೆಲಸದ ಮೇಸ್ತ್ರಿ ಹೇಳಿ ಕಳಿಸಿದ್ದಾನೆ, ಬರುವ ಸೋಮವಾರದಿಂದ ಹೋಗುತ್ತೇನೆ ಎಂದಳು. ಒಳಗೆ ಶಾಂತವ್ವ ಒಲೆಗೆ ಬೆನ್ನು ಮಾಡಿ ಕುಳಿತಿದ್ದಳು. ಕೊಟ್ಟ ಮಾತು ಕೈಜಾರಿ ಹೋಗುತ್ತಿತ್ತು. ನನಗೆ ಅಳು ಬಂತು, ಅಳುವುದರ ಬದಲು ಸಿಟ್ಟಾದೆ.

“ಹಂಗಾದ್ರೆ ಒಂದ್ ಕೆಲ್ಸ ಮಾಡಿ” ಎಂದು ಕೂಗಿದೆ. “ನಿಮ್ಮ ಗುಳ್ಳವ್ವನ ಜೊತೆ ಇದನ್ನೂ ನೀರಿಗೆ ಬಿಟ್ಬಿಡಿ!”

ಗುಳ್ಳವ್ವ ಯಾರೆಂದು ಹೇಳಬೇಕು. ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲೆ ಆಷಾಢದ ಮಂಗಳವಾರಗಳಲ್ಲಿ ಅವರ ಕಡೆಯ ಹೆಂಗಸರು, ಹೆಣ್ಣುಮಕ್ಕಳು ಅದೇ ಕಪ್ಪು ಮಣ್ಣಿನಲ್ಲಿ ಮಾಡುವ ದೇವಿ. ಹಾಡಿ, ಆರತಿ ಮಾಡಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ನೀರಿಗೆ ಬಿಟ್ಟು, ಅಲ್ಲೇ ಕೂತು ಉಂಡು ಬರುತ್ತಾರೆ. ಮುಂದಿನ ಮಂಗಳವಾರ ಮತ್ತೆ ಹೊಸ ಗುಳ್ಳವ್ವ. ಅವತ್ತು ಸೋಮವಾರವೋ ಏನೋ, ಮೂಲೆಯಲ್ಲಿ ಮಣ್ಣು ನೆನೆಹಾಕಿದ್ದು ಕಣ್ಣಿಗೆ ಬಿದ್ದು ಬಾಯಿಗೆ ಬಂದದ್ದನ್ನು ಅಂದಿದ್ದೆ, ಅಷ್ಟೇ.

ಶಾಂತವ್ವ ಇತ್ತ ತಿರುಗಿದಳು. ನನ್ನನ್ನು ನೋಡಿದಳು, ಮಣ್ಣನ್ನು ನೋಡಿದಳು. “ಹೌದಲ್ರಿ” ಎಂದಳು. “ಎತ್ತು ಬಿಡ್ತೀವಿ, ಗುಳ್ಳವ್ವನ ಬಿಡ್ತೀವಿ, ನಾಗಪ್ಪನ ಬಿಡ್ತೀವಿ, ಗಣಪ್ಪನೂ ಬಿಡ್ತೀವಿ. ಮಣ್ಣಿನ ದೇವ್ರಿಗೆ ನಾವು ಎಂದೂ ಮನಿಯಾಗ ಇಟಗೊಂಡು ಕುಂತಿಲ್ಲ. ಇದಕ್ಕೂ ಹಂಗ ಮಾಡಿದ್ರ ಪಾಪ ಇಲ್ಲ.”

ಬಯ್ಗುಳಕ್ಕೆ ಹೀಗೆ ಒಪ್ಪಿಗೆ ಸಿಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮರುದಿನ ರಜೆ ಹಾಕಿ ಹೊರಟೆ. ಹತ್ತಿರದ ಕೆರೆಯ ದಂಡೆಯಲ್ಲಿ ಮೂವರೂ ಆರತಿ ಮಾಡಿದೆವು. ಗುಳ್ಳವ್ವ ನೀರಿಗಿಳಿದು ಮೆಲ್ಲಗೆ ಕರಗಿದಳು. ಆಮೇಲೆ ಶಾಂತವ್ವ ಹಾಳೆಯನ್ನು ಹಣೆಗೆ ಮುಟ್ಟಿಸಿ, “ಹೋಗಿ ಬಾ ತಾಯಿ, ಮುಂದಿನ ಸಲ ಚಲೋ ಆಗಿ ಬಾ” ಎಂದು ನೀರಿಗೆ ಬಿಟ್ಟಳು.

ಮುಳುಗಲಿಲ್ಲ. ಭಾಯ್ ಸುಳ್ಳು ಹೇಳಿರಲಿಲ್ಲ. ಬಿಸಿನೆಸ್ ಪ್ಲಾನು ಅಂಗಾತ ಮಲಗಿ ಬಿಸಿಲಿಗೆ ಫಳಫಳ ಹೊಳೆಯುತ್ತ, ಅಲೆ ಬಂದಾಗ ದಂಡೆಗೆ ಬಂದು ಶಾಂತವ್ವನ ಕಾಲಿಗೆ ತಾಗಿ ನಿಂತಿತು. ಕೋಲಿನಿಂದ ದೂಡಿದೆವು, ಮತ್ತೆ ಬಂತು. ಮಹಾದೇವಿ ಮೇಲೊಂದು ಕಲ್ಲು ಎಸೆದಳು. ಕಲ್ಲು ಮುಳುಗಿತು.

“ಏನ್ರೀ ಅದು, ಕೆರೆಗೆ ಪ್ಲಾಸ್ಟಿಕ್ ಹಾಕ್ತಿದೀರಾ? ನೋಡಿದ್ರೆ ಓದ್ದೋರ್ ತರ ಕಾಣ್ತೀರ!” ಹಿಂದಿನಿಂದ ಗದರಿದ ದನಿ. ವಾಕಿಂಗ್ ಬೂಟು ಹಾಕಿದ ಮಧ್ಯವಯಸ್ಸಿನವರೊಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಓದಿದವರ ತರಹ ಕಂಡದ್ದು ನಾನೊಬ್ಬಳೇ ಆದ್ದರಿಂದ ಉತ್ತರ ಕೊಡಬೇಕಾದವಳೂ ನಾನೇ. “ಇದು ಪ್ಲಾಸ್ಟಿಕ್ ಅಲ್ಲ ಸಾರ್, ಬಿಸಿನೆಸ್ ಪ್ಲಾನು” ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ನಾನು ಸೀರೆ ಎತ್ತಿಕಟ್ಟಿ ಕೆಸರಿಗಿಳಿದು ಹಾಳೆಯನ್ನು ಹೆಕ್ಕಿ ತಂದೆ.

ಮುಂದೆ ನಡೆದದ್ದಕ್ಕೆ ಕಾರಣ ಗುಳ್ಳವ್ವನ ಪದ್ಧತಿ. ಬುತ್ತಿ ಬಿಚ್ಚಿದ ಮೇಲೆ ಎದುರಿಗೆ ಇದ್ದವರಿಗೆ ಕೊಡದೆ ಉಣ್ಣುವ ಹಾಗಿಲ್ಲ, ಅವರು ಬಯ್ಯಲು ಬಂದವರಾದರೂ ಸರಿ. ಶಾಂತವ್ವ ಖಡಕ್ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಎಣ್ಣೆಗಾಯಿ ಹಾಕಿ ಅವರ ಕೈಗೆ ಕೊಟ್ಟಳು. ಅವರು ಬೇಡ ಬೇಡ ಎಂದು ಒಂದು ಚೂರು ಮುರಿದರು. ಆಮೇಲೆ ಕಲ್ಲಿನ ಮೇಲೆ ಕೂತರು. ಎರಡನೆಯ ರೊಟ್ಟಿಗೆ ಬೂಟು ಬಿಚ್ಚಿದರು.

“ಇದು ಎಷ್ಟ್ ದಿನ ಇಟ್ಟರೂ ಕೆಡಲ್ವಾ? ನಮ್ಮಮ್ಮಂಗೆ ಶುಗರ್ರು. ಜೋಳದ ರೊಟ್ಟಿ ಎಲ್ಲಿ ಸಿಗತ್ತೆ ಅಂತ ಹುಡುಕ್ತಾನೇ ಇದೀನಿ. ಮನೆಗೆ ತಂದ್ಕೊಡ್ತೀರಾ?”

ಮನೆ ಎಲ್ಲಿ ಎಂದು ಕೇಳಿದರೆ ಅವರು ಕೈ ತೋರಿಸಿದ್ದು ಅದೇ ಕಟ್ಟಡವನ್ನು. ಅದರ ಒಂದೊಂದು ಅಂತಸ್ತಿಗೂ ಶಾಂತವ್ವ, ಮಹಾದೇವಿ ಕಾಂಕ್ರೀಟು ಹೊತ್ತಿದ್ದರು. “ಆ ಮನಿಗೇನ್ರಿ?” ಎಂದು ಮಹಾದೇವಿ ನಕ್ಕಳು. “ಮೆಟ್ಟಿಲು ಎಷ್ಟ ಅದಾವ ಅಂತ ನಮ್ಮ ಮೊಣಕಾಲಿಗೆ ಗೊತ್ತದ್ರಿ. ಈಗ ಲಿಫ್ಟ್ ಅದನೋ ಇಲ್ಲೋ?”

ಮನೆಗೆ ಬಂದು ಹಾಳೆಯ ಅಂಚು ಕತ್ತರಿಸಿ, ಪ್ಲಾಸ್ಟಿಕ್ಕನ್ನು ಉಗುರಿನಿಂದ ಸುಲಿದು, ಚೂರು ಚೂರಾಗಿ ಬಂದ ಕಾಗದವನ್ನು ನೆನೆಸಿ, ಮುಂದಿನ ಮಂಗಳವಾರದ ಮಣ್ಣಿಗೆ ಸೇರಿಸಿ ನಾದಿದೆವು. ನನ್ನ ಶುದ್ಧ ಕನ್ನಡವೆಲ್ಲ ಗುಳ್ಳವ್ವನ ಹೊಟ್ಟೆ ಸೇರಿತು. ಮಹಾದೇವಿಯ ಸಿಂಬಿ ಬಿಸಿ ಪಾತ್ರೆ ಇಡುವ ಕೆಲಸಕ್ಕೆ ಬಂತು.

ಅಪಾರ್ಟ್‌ಮೆಂಟಿನ ಮನೆಗಳೇ ಗಿರಾಕಿಗಳೆಂಬ ಹೊಸ ಪ್ಲಾನನ್ನು ಕಾಗದದ ಮೇಲೆ ಬರೆಯಲಿಲ್ಲ. ಕೋಣೆಯ ಒಂದು ಗೋಡೆಗೆ ಕರಿ ಬಣ್ಣ ಬಳಿದು ಸೀಮೆಸುಣ್ಣದಲ್ಲಿ ಬರೆದೆವು, ಕೆಳಗೆ ಒದ್ದೆ ಬಟ್ಟೆ ನೇತುಹಾಕಿದೆವು. ಮೊದಲು ವರ್ಷಕ್ಕೊಮ್ಮೆ ಅಳಿಸುವುದೆಂದು ಮಾತಾಗಿತ್ತು. ಆಮೇಲೆ ಊರೇ ಬಾಗಿಲು ಹಾಕಿಕೊಂಡು ಕುಳಿತ ಕಾಲ ಬಂತಲ್ಲ, ಆಗ ವರ್ಷ ಎನ್ನುವುದು ಬಲು ದೂರವೆಂದು ತಿಳಿಯಿತು. ಜನ ಮನೆಯಲ್ಲೇ ರೊಟ್ಟಿ ಬಡಿಯುತ್ತೇವೆಂದು ಹೊರಟಾಗ ಹಿಟ್ಟು ಕೊಟ್ಟೆವು, ಬಡಿಯಲು ಬಾರದೆ ಸೋತಾಗ ಮತ್ತೆ ರೊಟ್ಟಿ ಕೊಟ್ಟೆವು. ಅವತ್ತಿನಿಂದ ಅಮಾವಾಸ್ಯೆಗೊಮ್ಮೆ. ಆ ದಿನ ಎತ್ತು ಹೂಡುವುದಿಲ್ಲ ಎಂಬುದು ಅವರ ಊರಿನ ರೂಢಿ, ಇಲ್ಲಿ ಮಾರುವ ರೊಟ್ಟಿಗೆ ಒಲೆ ಹೂಡುವುದಿಲ್ಲ. ಹೋಳಿಗೆ ಉಂಡು ಗೋಡೆಯ ಮುಂದೆ ಕೂರುವುದು. ಯಾವುದು ಓಡುತ್ತಿದೆ, ಯಾವುದು ಕುಂಟುತ್ತಿದೆ, ಯಾರು ಬರುವುದು ಬಿಟ್ಟರು, ಯಾಕೆ ಬಿಟ್ಟರು. ಸರಿಯಿಲ್ಲದ್ದನ್ನು ಅಳಿಸುವವರು ಮೊದಲು ಗೋಡೆಗೆ ಕೈ ಮುಗಿಯಬೇಕು. ಶಾಂತವ್ವ ಅದೊಂದನ್ನು ಬಿಟ್ಟುಕೊಟ್ಟಿಲ್ಲ. ಎಂಥೆಂಥ ತಪ್ಪು ಬರೆದಿದ್ದೇವೆ ಅಂತೀರಿ! ಇಂದಿರಾನಗರದ ದೊಡ್ಡ ಹೋಟೆಲಿಗೆ ಅಂಗೈಯಗಲದ ರೊಟ್ಟಿ ಮಾಡಿ ಕೊಡುವುದು ನನ್ನ ಸಲಹೆಯೇ. ಮುಂದಿನ ಅಮಾವಾಸ್ಯೆ ಬರುತ್ತಲೇ ಮಹಾದೇವಿ ಕೈ ಮುಗಿದು ಅಳಿಸಿದಳು. ತಪ್ಪು ಒಂದು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲ ಎಂಬ ಧೈರ್ಯ ಇದ್ದರೆ ತಪ್ಪು ಮಾಡುವುದಕ್ಕೂ ಒಂದು ಖುಷಿ ಇರುತ್ತದೆ.

ಸರಿ, ನಿನ್ನೆಯ ಮಾತಿಗೆ ಬರುತ್ತೇನೆ. ನಾಯಿಯಂಥ ಎತ್ತುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೋದೆ. ಊಟವಾಯಿತು. ಶಾಂತವ್ವ ಎದ್ದು ಗೋಡೆಗೆ ಕೈ ಮುಗಿದು, ಒದ್ದೆ ಬಟ್ಟೆಯಿಂದ ಒಂದು ಸಾಲನ್ನು ಒರೆಸಿದಳು. “ರೊಟ್ಟಿ ಬಡಿಯುವುದು: ಶಾಂತವ್ವ” ಎಂಬ ಸಾಲು. ಅದನ್ನು ನಾವು ಇದುವರೆಗೆ ಮುಟ್ಟಿರಲಿಲ್ಲ. ಅಲ್ಲಿ ‘ಮಹಾದೇವಿ’ ಎಂದು ಬರೆದಳು.

“ಹೊರಮಾವಿನ್ಯಾಗ ಒಂದು ಕೋಣಿ ನೋಡೀನ್ರಿ” ಎಂದಳು. “ನಮ್ಮ ಕಡಿಂದ ಹೊಸಾದಾಗಿ ಬಂದ ಹೆಣ್ಮಕ್ಕಳು ಅಲ್ಲಿ ಬಾಳ ಮಂದಿ ಅದಾರ, ಎಲ್ಲರ ತಲಿ ಮ್ಯಾಲೂ ಬಾಂಡ್ಲಿ. ನಾ ಒಬ್ಬಾಕಿ ಬಡದ್ರ ಒಂದು ಒಲಿ ನಡೀತದ. ನಾ ಕಲಿಸಿದ್ರ ನಾಕು ಒಲಿ ನಡೀತಾವ.”

ನಾನು ಚಪ್ಪಾಳೆ ತಟ್ಟಬೇಕಿತ್ತು. ಜೀವಮಾನವಿಡೀ ಪರಿಷ್ಕರಿಸಿ ಪರಿಷ್ಕರಿಸಿ ಎಂದು ಎರಡೆರಡು ಗೆರೆ ಎಳೆದವಳಲ್ಲವೇ ನಾನು? ಆದರೆ ನನ್ನ ಬಾಯಿಂದ ಬಂದದ್ದು ಇದು: “ಅಯ್ಯೋ, ಬೇಡ ಶಾಂತವ್ವ. ಜನ ಬರೋದೇ ನಿಮ್ಮ ಕೈರುಚಿಗೆ. ಬೇರೆ ಏನ್ ಬೇಕಾದ್ರೂ ತಿದ್ದಿ, ಇದೊಂದ್ ಮಾತ್ರ ಹೀಗೇ ಇರ್ಲಿ.”

ಇಬ್ಬರೂ ನನ್ನನ್ನು ನೋಡಿದರು. “ಅಕ್ಕೋರ” ಎಂದಳು ಮಹಾದೇವಿ ಬಹಳ ವಿನಯದಿಂದ, “ಶಾಂತಕ್ಕಗ ಲ್ಯಾಮಿನೇಷನ್ ಮಾಡಿಸೂನೇನ್ರಿ?”

ಹೋಳಿಗೆ ಗಂಟಲಿಗೆ ಸಿಕ್ಕುವಷ್ಟು ನಕ್ಕೆವು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನಗುತ್ತಲೇ ನನಗೆ ದುಃಖವೂ ಆಯಿತು, ಅದನ್ನು ಯಾಕೆ ಮುಚ್ಚಿಡಲಿ? ಅವಳ ಪಟ ಪಟ ಸದ್ದು ಕೇಳಿಕೊಂಡು ನನ್ನ ಎಷ್ಟು ಸಂಜೆಗಳು ಕಳೆದಿವೆ. ಆದರೆ ಹೊರಮಾವಿನ ಮಾತಾಡುವಾಗ ಶಾಂತವ್ವನ ಮುಖ ನೋಡಬೇಕಿತ್ತು ನೀವು. ಮೊದಲ ಒಲೆ ಹಚ್ಚಿದ ದಿನದ ಮುಖ ಅದು.

ಇವತ್ತು ಮಧ್ಯಾಹ್ನ ಹೋದೆ. ಶಾಂತವ್ವ ಹೊರಮಾವಿಗೆ ಹೋಗಿದ್ದಳು. ಮಹಾದೇವಿ ಮಣೆಯ ಮುಂದೆ ಕೂತು, ಹಿಟ್ಟಿನ ಉಂಡೆ ಹಿಡಿದು, ಯಾರಾದರೂ ತಡೆಯುತ್ತಾರೇನೋ ಎಂಬಂತೆ ಅತ್ತಿತ್ತ ನೋಡಿ, ಬಡಿಯಲು ಶುರು ಮಾಡಿದಳು. ಮೊದಲ ರೊಟ್ಟಿ ನನ್ನ ತಟ್ಟೆಗೆ ಬಂತು. ಅಂಚು ದಪ್ಪ, ಒಂದು ಕಡೆ ಸೀಳಿತ್ತು.

“ಹ್ಯಾಂಗದರಿ ಅಕ್ಕೋರ?”

“ಅಂಚು ದಪ್ಪ ಆಯ್ತು ಕಣೆ.”

“ಗೊತ್ತಾತ್ರಿ” ಎಂದು ಮುಂದಿನ ಉಂಡೆ ತೆಗೆದುಕೊಂಡಳು. ಈ ಸಲ ಕೈ ಓಡಿತು. ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಕೆಂಡದ ಕಡೆ ಒಡ್ಡಿದಳು. ರೊಟ್ಟಿ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಅಂಚಿನಿಂದ ಅಂಚಿಗೆ ತುಂಬಿ ಉಬ್ಬಿತು. ನಾವಿಬ್ಬರೂ ಒಟ್ಟಿಗೆ ಕೂಗಿಬಿಟ್ಟೆವು. ಕೂಗು ಕೇಳಿ, ದಿನವೂ ಬರುವ ಹಿರಿಯರೊಬ್ಬರು ಬಾಗಿಲಲ್ಲಿ ಬಗ್ಗಿ ನೋಡಿದರು. ಮಣೆಯ ಮುಂದಿನ ಮುಖ ಕಂಡು ಅವರ ಹುಬ್ಬು ಗಂಟಾಯಿತು.

“ಶಾಂತವ್ವ ಇಲ್ವಾ? ಹಂಗಾದ್ರೆ ನಾಳೆ ಬರ್ತೀನಿ.”

“ನಾಳೇನೂ ಇವಳೇ ಸಾರ್, ನಾಳಿದ್ದೂ ಇವಳೇ” ಎಂದು ನಾನು ಪಕ್ಕಕ್ಕೆ ಸರಿದು ಜಾಗ ಮಾಡಿದೆ. “ಬನ್ನಿ, ಕೂತ್ಕೊಳ್ಳಿ. ಬಿಸಿಯಾಗಿದೆ.”